ನೂರಾ ಎಪ್ಪತ್ತೆರಡು

ಪೆಟ್ಟಿಗೆಯ ಬೀಗದ ಕೈ ಈ ವರ್ಷ ಎರ್ಮೆಲಿಂದಾಳ ಬಳಿ.
ಊರಿನ ಸರದಿ ಅದು; ಮುಂದಿನ ವರ್ಷ ಮತ್ತೊಬ್ಬರ ಸೊಂಟಕ್ಕೆ.
ಇಗರ್ಜಿಯ ಹಿಂದಿನ ಕೋಣೆ, ಕಿಟಕಿಯಲ್ಲಿ ಆಂಡೀಸಿನ ಹಿಮ,
ಉಸಿರು ಕೈಗೆ ಸಿಗದಷ್ಟು ಎತ್ತರ.
ಕೋಕಾ ಎಲೆ ಹಾಕಿದ ಬಿಸಿನೀರು ಕೊಟ್ಟು
"ಮೊದಲು ಕೂತುಕೋ, ಆಮೇಲೆ ಎಣಿಸುವೆಯಂತೆ" ಎಂದಳು.

ನಾನು ಲಿಮಾದಿಂದ ತಂದದ್ದು: ಬಿಳಿ ಕೈಗವಸು, ಅಡಿಪಟ್ಟಿ,
ಚೌಕಳಿ ಪುಸ್ತಕ, ಮೂರು ಪೆನ್ಸಿಲು.
ಪೆಟ್ಟಿಗೆಯಿಂದ ಬಂದದ್ದು: ಅಲ್ಪಾಕಾ ಉಣ್ಣೆಯ ಒಂದು ಹುರಿ,
ಅದರಿಂದ ಇಳಿಬಿದ್ದ ಎಳೆಗಳು, ಎಳೆ ತುಂಬ ಗಂಟು,
ನುಸಿ ತಿಂದು ಉಳಿಸಿದಷ್ಟು.
ಕಿಪು ಅನ್ನುತ್ತಾರೆ. ಹಾಗೆಂದರೂ ಗಂಟೇ.

ಓದುವುದು ಕಷ್ಟವಲ್ಲ.
ಕೆಳಗಿನ ಗಂಟು ಬಿಡಿ, ಅದರ ಮೇಲೆ ಹತ್ತು, ಇನ್ನೂ ಮೇಲೆ ನೂರು.
ಬಿಡಿಯ ಒಂದಕ್ಕೆ ಮಾತ್ರ ತನ್ನದೇ ಮಡಿಕೆ, ಒಂಟಿಯ ಗಂಟು ಬೇರೆ ಥರ.
ಸೊನ್ನೆಗೆ ಗಂಟಿಲ್ಲ. ಇರಬೇಕಾದ ಜಾಗದಲ್ಲಿ
ಬೆರಳು ಜಾರುತ್ತದೆ, ಅಷ್ಟೆ.

ನಲವತ್ತೇಳು. ಇಪ್ಪತ್ತು.
ಮೂರನೆಯ ಎಳೆ ಬೋಳು.
ನಾಲ್ಕನೆಯದು ನೂರಾ ಐದು.
ಮೇಲಕ್ಕೆ ಕಟ್ಟಿದ ದಪ್ಪ ಎಳೆಯಲ್ಲಿ ನೂರಾ ಎಪ್ಪತ್ತೆರಡು.
ಕೂಡಿದೆನು. ಕೂಡಿಬಂತು.
ನಂಬದೆ ಮತ್ತೆ ಕೂಡಿದೆನು. ಮತ್ತೆ ಕೂಡಿಬಂತು.

ನಾನೂರು ವರ್ಷದ ಹಿಂದಿನ ಯಾರೋ,
ಹೆಸರಿಲ್ಲ, ಮುಖವಿಲ್ಲ,
ಬೆಳಿಗ್ಗೆ ಎದ್ದು ಯಾವ ದಿಕ್ಕಿಗೆ ಕೈಮುಗಿದನೋ ತಿಳಿಯದು,
ಅಜ್ಜಿಯ ಕೆಚುವಾದಲ್ಲಿ ನನಗೆ ಉಳಿದಿರುವುದೋ
'ಬಾ', 'ತಿನ್ನು', 'ಸಾಕು'.
ಆದರೂ ಅವನ ಮೊತ್ತ, ನನ್ನ ಮೊತ್ತ ಒಂದೇ.
ದೊರೆ ಬದಲಾದ, ದೇವರು ಬದಲಾದ, ದುಡ್ಡು ಎಷ್ಟು ಸಲವೋ,
ಏಳಕ್ಕೆ ಐದು ಸೇರಿದರೆ ಹನ್ನೆರಡೇ.
ಕುಣಿಯಬೇಕೆನಿಸಿತು;
ಆ ಎತ್ತರದಲ್ಲಿ ಕುಣಿದರೆ ಹೆಣ ಹೊರಲು ನಾಲ್ವರು ಬೇಕು.

"ನೂರಾ ಎಪ್ಪತ್ತೆರಡು ಏನು?" ಎಂದಳು ಎರ್ಮೆಲಿಂದಾ.

ಏನು?
ಲಾಮಾಗಳೋ, ಆಲೂಗಡ್ಡೆಯ ಮೂಟೆಯೋ,
ಗಣಿಗೆ ಅಟ್ಟಿದ ಗಂಡಸರೋ,
ಆಲಿಕಲ್ಲು ಬಿದ್ದ ರಾತ್ರಿಗಳೋ.
ಆ ಬೋಳು ಎಳೆ ಯಾರ ಮನೆಯದು?
ಅವರು ಕೊಡಲಿಲ್ಲವೋ, ಕೊಡಲು ಯಾರೂ ಉಳಿಯಲಿಲ್ಲವೋ?
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಗಂಟಲಿಗೆ ಬಂದದ್ದನ್ನು ಬಿಸಿನೀರಿನ ಜೊತೆ ನುಂಗಿದೆ.

ಮಧ್ಯಾಹ್ನದ ಹೊತ್ತಿಗೆ ಒಂದು ಗೊಂಚಲು ಕೈಕೊಟ್ಟಿತು.
ಎಳೆಗಳು ಕೂಡಿ ಅರವತ್ತನಾಲ್ಕು, ಮೇಲಿನದರಲ್ಲಿ ಅರವತ್ತಮೂರು.
'ತಪ್ಪು' ಎಂದು ಬರೆದೆ.
ಅವಳು ಭುಜದ ಮೇಲಿಂದ ಬಗ್ಗಿ ನೋಡಿದಳು:
"ಒಯ್ಯುವ ದಾರಿಯಲ್ಲಿ ಒಂದು ಸತ್ತಿರಬಹುದಲ್ಲ?
ಅವನಿಗೆ ಕೂಡಲು ಬಾರದೆಂದು ಯಾಕೆ ಅಂದುಕೊಳ್ಳುತ್ತೀ?"

ಅಳಿಸಲಿಲ್ಲ. ಹಾಗೇ ಬಿಡಲೂ ಆಗಲಿಲ್ಲ.
ಅಲ್ಲಿಯವರೆಗೆ ಗಂಟುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದವು;
ಹೊರಗಿನ ಬೆಟ್ಟ ಒಳಗೆ ಕಾಲಿಟ್ಟದ್ದಿದ್ದರೆ
ಬಹುಶಃ ಈ ಒಂದು ಕಡಿಮೆಯಲ್ಲಿ.

ಸಂಜೆ ಅಲ್ಪಾಕಾಗಳು ಇಳಿದುಬಂದವು.
ಕೈ ಸುಮ್ಮನಿರದು: ಎಣಿಸಿದೆ, ಮೂವತ್ತೆಂಟು.
ಅವಳು ಎಣಿಸಲಿಲ್ಲ. ಕಲ್ಲಿನ ದೊಡ್ಡಿಯ ಬಾಯಲ್ಲಿ ನಿಂತು
ಬೆನ್ನುಗಳ ಮೇಲೆ ಒಮ್ಮೆ ಕಣ್ಣಾಡಿಸಿ,
"ಕಪ್ಪು ಕಿವಿಯವಳು ಬಂದಿಲ್ಲ" ಎಂದಳು.
ಟಾರ್ಚು ತೆಗೆದುಕೊಂಡು ಹತ್ತತೊಡಗಿದಳು.

ನನ್ನ ಮೂವತ್ತೆಂಟು ಸರಿಯಾಗಿಯೇ ಇತ್ತು.
ಅದರೊಳಗೆ ಕಪ್ಪು ಕಿವಿ ಇರಲಿಲ್ಲ.
ಇಲ್ಲವೆಂಬುದೂ ಇರಲಿಲ್ಲ.

ಬೆಳಕು ಮೇಲೆ ಮೇಲೆ ಹೋಗಿ ಚುಕ್ಕಿಯಾಯಿತು,
ಆಮೇಲೆ ಯಾವುದು ಟಾರ್ಚು ಯಾವುದು ನಕ್ಷತ್ರ ತಿಳಿಯದಾಯಿತು.
ದೊಡ್ಡಿಯ ಬಾಗಿಲು ಬಿಗಿಯುವ ಹಗ್ಗ ನನ್ನ ಕೈಗಿತ್ತು ಹೋಗಿದ್ದಾಳೆ:
"ಗಂಟು ಹಾಕಬೇಡ ಇನ್ನೂ."

ಹಿಡಿದು ನಿಂತಿದ್ದೇನೆ.